ಗಿರಾಕಿ ಮೊದಲೋ, ಕೆಲಸದವರು ಮೊದಲೋ? ಮದುವಿ ಸೀಜನ್ ಬರೋದ್ರಾಗ ಒಂದು ಕಡಿ ಮಾಡ್ಬೇಕಾಗೇದ

ಕಪಡಾ ಬಜಾರ
ಎಲ್ಲಾರಿಗೂ ಶರಣು. ಬಟ್ಟಿ ದುಕಾನ, ಊರು ಕಲಬುರಗಿ. 12 ಮಂದಿ ಕೆಲಸದವರು. ಅದರಾಗ 5 ಮಂದಿ ಹೆಣ್ಮಕ್ಕಳು ಆಳಂದ, ಚಿತ್ತಾಪುರ ಕಡಿ ಹಳ್ಳಿಗಳಿಂದ ಬಸ್ಸಿಗಿ ಬರೋರು. ಮೂರು ಪ್ರಶ್ನಿ ಅದಾವ.

ಒಂದು, ಸೀಜನ್‌ದಾಗ ಗಿರಾಕಿ ರಾತ್ರಿ 9ರ ತನಕ ಬರ್ತಾರ. ಬಸ್ಸಿನ ಮಂದಿ ಏಳರೊಳಗ ಬಿಡ್ರಿ ಅಂತಾರ. ಎರಡು, ಗಿರಾಕಿ ಕೆಲಸದವರ ಮ್ಯಾಲ ಬಾಯಿ ಮಾಡಿದ್ರ ಮಾಲಕ ಯಾರ ಕಡಿ ನಿಲ್ಲಬೇಕು? ಮೂರು, ಕೈಯಾಗಿನ ರೊಕ್ಕ ಇಷ್ಟೇ. ಗಿರಾಕಿಗಿ 5% ರಿಯಾಯಿತಿ ಹಾಕಬೇಕೋ, ಪಗಾರ ಏರಿಸಬೇಕೋ? "ಎರಡೂ ಮಾಡ್ರಿ" ಅಂತ ಮಾತ್ರ ಹೇಳಬ್ಯಾಡ್ರಿ, ಎರಡಕ್ಕ ಆಗಂಗಿಲ್ಲ.

ಭೀಮಾತೀರ
ಇದರಾಗ ಕೇಳೋದೇನದ? ಗಿರಾಕಿ ಮೊದಲು. ಪಗಾರ ಮಾಲಕನ ಕಿಸೆದಿಂದ ಬರಂಗಿಲ್ಲ, ಗಿರಾಕಿ ಕಿಸೆದಿಂದ ಬರ್ತದ. ನಮ್ಮ ಊರುಗಳು ದೊಡ್ಡವಲ್ಲ. ಒಂದು ಮನಿತನ ಮುನಿಸಿಕೊಂಡ್ರ ಬೀಗರು, ಓಣಿ ಮಂದಿ, ಮಠಕ್ಕ ಬರೋರು ಎಲ್ಲರ ಕಿವಿಗೂ ಬೀಳ್ತದ. ಕೆಲಸದವ ಹೋದ್ರ ಇನ್ನೊಬ್ಬ ಸಿಗ್ತಾನ. ಹೋದ ಬಸ್ತಾ (ಮದುವಿ ಬಟ್ಟಿ ಖರೀದಿ) ಹೊಳ್ಳಿ ಬರಂಗಿಲ್ಲ.

ಗಂಜ್ ಅಡತಿ
"ಇನ್ನೊಬ್ಬ ಸಿಗ್ತಾನ" ಅನ್ನೋದು ಹಳೇ ಕಾಲದ ಮಾತು ಅಣ್ಣಾರ. ಕೈ ಪಳಗಿದ ಹುಡುಗರು ಹೈದರಾಬಾದ್, ಪುಣೆ ಬಸ್ ಹತ್ತಲತ್ತಾರ. ತೊಗರಿ ಸುಗ್ಗಿ ಮುಗಿದು ರೈತರ ಕೈಯಾಗ ರೊಕ್ಕ ಬಂದಾಗ ಅವ್ರು ದುಕಾನದ ಬೋರ್ಡ್ ನೋಡಿ ಬರಂಗಿಲ್ಲ, ಒಳಗ ಕುಂತ ಹುಡುಗನ ಮಾರಿ ನೋಡಿ ಬರ್ತಾರ. ಅವ ಎದುರಿನ ದುಕಾನಕ್ಕ ಹೋದ್ರ ಅರ್ಧ ಹಳ್ಳಿ ಅವನ ಹಿಂದ ಹೋಗ್ತದ. ಅಂದಮ್ಯಾಲ ಗಿರಾಕಿ ಯಾರ ಆಸ್ತಿ?

ಲೆಕ್ಕದ ಪುಸ್ತಕ
ಮೂರನೇ ಪ್ರಶ್ನೆಗೆ ಮೊದಲು ಬರುತ್ತೇನೆ, ಅದು ಲೆಕ್ಕದಲ್ಲೇ ತೀರ್ಮಾನವಾಗುತ್ತದೆ. ಉದಾಹರಣೆಗೆ ತಿಂಗಳ ವ್ಯಾಪಾರ 15 ಲಕ್ಷ, ಲಾಭಾಂಶ 20% ಎಂದಿಟ್ಟುಕೊಳ್ಳಿ.

5% ರಿಯಾಯಿತಿ ಕೊಟ್ಟರೆ ತಿಂಗಳಿಗೆ 75,000 ರೂ. ಹೋಯಿತು. 12 ಜನರಿಗೂ ತಲಾ 2,000 ರೂ. ಪಗಾರ ಹೆಚ್ಚಿಸಿದರೆ 24,000 ರೂ. ಅಂದರೆ ರಿಯಾಯಿತಿ ಮೂರು ಪಟ್ಟು ದುಬಾರಿ. ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. 100 ರೂ. ಬಟ್ಟೆಯನ್ನು 80ಕ್ಕೆ ತಂದಿದ್ದರೆ ಉಳಿಯುವುದು 20. ಅದನ್ನೇ 95ಕ್ಕೆ ಮಾರಿದರೆ ಉಳಿಯುವುದು 15. ಮೊದಲಿನಷ್ಟೇ ಲಾಭ ಬರಬೇಕಾದರೆ ಮೂರನೇ ಒಂದು ಪಾಲು ಹೆಚ್ಚು ನಗ (ಪೀಸ್) ಮಾರಬೇಕು. ಆ ಹೆಚ್ಚಿನ ನಗ ಬಿಚ್ಚಿ ತೋರಿಸಿ ಮಡಚುವವರು ಯಾರು? ಅದೇ 12 ಜನ, ಅದೇ ಪಗಾರಕ್ಕೆ.

ಕೆಲಸದವರು ಬಿಟ್ಟು ಹೋದರೆ ಆಗುವ ನಷ್ಟವನ್ನೂ ಹೀಗೇ ಹಾಕಿ ನೋಡಿ. ಪಳಗಿದವರು ದಿನಕ್ಕೆ 12,000 ರೂ. ವ್ಯಾಪಾರ ಮಾಡುತ್ತಾರೆ, ಹೊಸಬರು ಮೊದಲ ತಿಂಗಳು 6,000, ಎರಡನೇ ತಿಂಗಳು 9,000 ಎಂದುಕೊಳ್ಳಿ. 20% ಲಾಭದ ಮೇಲೆ 26 ದಿನಕ್ಕೆ ಮೊದಲ ತಿಂಗಳ ಖೋತಾ 31,200, ಎರಡನೆಯದು 15,600. ಒಟ್ಟು 46,800. ಅದೇ ವ್ಯಕ್ತಿಗೆ ತಿಂಗಳಿಗೆ 2,000 ಹೆಚ್ಚು ಕೊಟ್ಟು ಉಳಿಸಿಕೊಂಡಿದ್ದರೆ ವರ್ಷಕ್ಕೆ 24,000. ನಿಮ್ಮ ದುಕಾನದ ಅಂಕಿ ಹಾಕಿ ನೋಡಿ, ಪ್ರಮಾಣ ಹೆಚ್ಚೂಕಡಿಮೆ ಇಷ್ಟೇ ಬರುತ್ತದೆ.

ಭೀಮಾತೀರ
ಲೆಕ್ಕ ಸರಿ ಅದ. ಆದ್ರ ಸೀಜನ್‌ದಾಗ ಎದುರಿನವ ರಿಯಾಯಿತಿ ಬ್ಯಾನರ್ ಕಟ್ಟಿದ್ರ ಗಿರಾಕಿ ನಿಮ್ಮ ಮೆಟ್ಟಿಲೇ ಹತ್ತಂಗಿಲ್ಲ. ಮೆಟ್ಟಿಲು ಹತ್ತದವಗ ಎಷ್ಟು ಪಳಗಿದವ ಇದ್ರೇನು?

ಶಹಾಪುರ ಕಿರಾಣಿ
ವ್ಯಾಳ್ಯಾದ ಬಗ್ಗೆ ಹೇಳ್ತೀನಿ. ಏಪ್ರಿಲ್, ಮೇದಾಗ ನಮ್ಮ ಕಡಿ ಮಧ್ಯಾಹ್ನ 1ರಿಂದ 4ರ ತನಕ ರಸ್ತಾದಾಗ ನಾಯಿ ಸುದ್ದಾ ಇರಂಗಿಲ್ಲ. ಸರ್ಕಾರಿ ಆಫೀಸಿನವ್ರಿಗಿ ಆ ಎರಡು ತಿಂಗಳು ಮುಂಜಾನಿ 8ರಿಂದ 1:30 ಅಂತ ವ್ಯಾಳ್ಯಾ ಬದಲಿ ಮಾಡ್ತಾರ. ದುಕಾನದವ್ರು ಮಾತ್ರ ಅದೇ ಬಿಸಲಾಗ ಖಾಲಿ ಕುಂತು ಬೇಯಬೇಕು. 9ರಿಂದ 1, ಮತ್ತ 4:30ರಿಂದ 9 ಮಾಡ್ರಿ. ಗಿರಾಕಿಗೂ ತ್ರಾಸಿಲ್ಲ, ಕೆಲಸದವ್ರಿಗೂ ದಣಿವಿಲ್ಲ.

ಲೆಕ್ಕದ ಪುಸ್ತಕ
ಆಲೋಚನೆ ಒಳ್ಳೆಯದು, ಗಂಟೆ ಎಣಿಕೆಯಲ್ಲಿ ಒಂದು ತೊಡಕಿದೆ. ನೀವು ಹೇಳಿದ್ದು ದಿನಕ್ಕೆ ಎಂಟೂವರೆ ಗಂಟೆ. ಆರು ದಿನಕ್ಕೆ 51 ಆಗುತ್ತದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ದಿನಕ್ಕೆ 9, ವಾರಕ್ಕೆ 48 ಗಂಟೆ ಮಿತಿ. ಮೇಲಿನ 3 ಗಂಟೆ ಓವರ್‌ಟೈಮ್, ಅದಕ್ಕೆ ಎರಡು ಪಟ್ಟು ದರ. ಉದಾಹರಣೆಗೆ 16,000 ಪಗಾರವನ್ನು 26 ದಿನ, 8 ಗಂಟೆಗೆ ಭಾಗಿಸಿದರೆ ಗಂಟೆಗೆ ಸುಮಾರು 77 ರೂ., ಎರಡು ಪಟ್ಟು 154. ವಾರಕ್ಕೆ ಒಬ್ಬರಿಗೆ ಸುಮಾರು 460 ರೂ. ಕೊಡುವುದಾದರೆ ಸರಿ, ಇಲ್ಲದಿದ್ದರೆ ಸಂಜೆ ಪಾಳಿಯನ್ನು 5ಕ್ಕೆ ಶುರು ಮಾಡಿ.

ಇನ್ನೂ ಮೂರು ಮಿತಿಗಳಿವೆ. ಸತತ 5 ಗಂಟೆ ದುಡಿದ ಮೇಲೆ ಒಂದು ಗಂಟೆ ಬಿಡುವು ಕಡ್ಡಾಯ. ಬಿಡುವೂ ಸೇರಿ ಮೊದಲಿನಿಂದ ಕೊನೆಯವರೆಗೆ 12 ಗಂಟೆ ಮೀರಬಾರದು, ಹಾಗಾಗಿ 9ರಿಂದ 9 ಸರಿಯಾಗಿ ಅಂಚಿನಲ್ಲಿದೆ. ಮಧ್ಯಾಹ್ನ ಬಿಡುವು ಕೊಟ್ಟೆವಲ್ಲ ಎಂದು ರಾತ್ರಿ ಹತ್ತರ ತನಕ ನಿಲ್ಲಿಸಿಕೊಳ್ಳುವ ಹಾಗಿಲ್ಲ. ಓವರ್‌ಟೈಮ್ ಮೂರು ತಿಂಗಳಿಗೆ 50 ಗಂಟೆ ದಾಟಬಾರದು. ವಾರಕ್ಕೊಂದು ಪೂರ್ತಿ ರಜೆ ಇದ್ದೇ ಇರುತ್ತದೆ.

ಕಪಡಾ ಬಜಾರ
ಊರಾಗಿನ ಹುಡುಗರು ಮಧ್ಯಾಹ್ನ ಮನಿಗಿ ಹೋಗಿ ಮಲಗ್ತಾರ. ಬಸ್ಸಿಗಿ ಬರೋ ಹೆಣ್ಮಕ್ಕಳು ಆ ನಾಲ್ಕು ತಾಸು ಎಲ್ಲಿ ಹೋಗ್ಬೇಕು? ರಾತ್ರಿ 9ಕ್ಕ ಬಿಟ್ರಂತೂ ಬಸ್ ಇಲ್ಲ.

ಒಲಿ ಮುಂದ
ಅದಕ್ಕೇ ಒಡದ ಪಾಳಿ ಬಸ್ಸಿನ ಮಂದಿಗಿ ಹಾಕ್ಬಾರದ್ರಿ. ಎರಡು ತಂಡ ಮಾಡ್ರಿ. ಒಂದು 9:30ರಿಂದ 6:30, ಇನ್ನೊಂದು 12ರಿಂದ 9. ನಡುವ ಒಂದು ತಾಸು ಊಟ ಕಳೆದ್ರ ಇಬ್ಬರದೂ 8 ತಾಸು, ವಾರಕ್ಕ 48. ಹಳ್ಳಿಯವ್ರು ಮೊದಲನೇ ತಂಡದಾಗ, ಊರಾಗಿನವ್ರು ಎರಡನೇದ್ರಾಗ. "ಶಕ್ತಿ" ಬಂದ ಮ್ಯಾಲ ಬಸ್ಸಿನ ಖರ್ಚು ಹೆಣ್ಮಕ್ಕಳಿಗಿ ಇಲ್ಲ, ಹಂಗಾಗಿ ದೂರದ ಹಳ್ಳಿಯಿಂದ ಕೆಲಸಕ್ಕ ಬರೋರು ಸಿಗ್ತಾರ. ಆದ್ರ ಬಸ್ಸಿನ ವ್ಯಾಳ್ಯಾ ದುಕಾನದ ವ್ಯಾಳ್ಯಾಕ್ಕ ಹೊಂದಂಗಿಲ್ಲ. ದುಕಾನೇ ಬಸ್ಸಿಗಿ ಹೊಂದಬೇಕು. ಕೆಲಸಕ್ಕ ತಗೋವಾಗಲೇ ಊರು ಯಾವುದು, ಕಡೀ ಬಸ್ ಎಷ್ಟಕ್ಕ ಅಂತ ಬರದು ಇಟ್ಕೊಳ್ರಿ.

ಖಾನಾವಳ್ಯಾಗ ಈ ವಿಚಾರ ಇನ್ನೂ ಸೂಕ್ಷ್ಮ ಅದ. ಗಿರಾಕಿಗಿ ಬಿಸಿ ರೊಟ್ಟಿನೇ ಬೇಕು. ಒಬ್ಬಾಕಿ ಬಡಿಯೋದು, ಒಬ್ಬಾಕಿ ಬೇಯಿಸೋದು ಅಂದ್ರ ಒಂದು ಹಂಚಿನ ಮ್ಯಾಲ ತಾಸಿಗಿ 40 ರೊಟ್ಟಿ ಬಂದ್ರ ಹೆಚ್ಚು. ಮಧ್ಯಾಹ್ನ 1ರಿಂದ 2ರೊಳಗ 25 ಮಂದಿ ಉಣ್ಣಲಕ್ಕ ಬಂದು ತಲಾ 3 ತಿಂದ್ರ 75. ಒಂದು ಹಂಚು ಸಾಲಂಗಿಲ್ಲ. ಮಾಲಕ ಎರಡನೇ ಹಂಚು ಇಡೋದು ಬಿಟ್ಟು "ಲಗೂ ಲಗೂ" ಅಂತ ಬೆನ್ನು ಹತ್ತಿದ್ರ ಏನಾಗ್ತದ? ಹಿಟ್ಟು ನಾದೋದು ಕಡಿಮಿ ಆಗ್ತದ, ಅಂಚು ಸೀಳ್ತದ, ನಡುವ ಹಸಿ ಉಳೀತದ. ಗಿರಾಕಿ ಅರ್ಧ ತಿಂದು ಬಿಟ್ಟು ಹೋಗ್ತಾನ. ಬೈಗುಳ ಬೀಳೋದು ಬಡಿಯಾಕಿಗಿ.

ಮಾಡಬೇಕಾದ್ದು ಇಷ್ಟು. ಎರಡು ಹಂಚು. ಅರ್ಧ ಮಂದಿಗಿ ಖಡಕ್ ರೊಟ್ಟಿ ಹಿಂದಿನ ದಿನಾನೇ ಮಾಡಿ ಇಡೋದು. ಮೊದಲನೇ ರೊಟ್ಟಿ ಬಿಸಿ, ಎರಡನೇದು ಯಾವುದು ಬೇಕು ಅಂತ ಕೇಳಿ ಹಾಕೋದು. ಒಂದೂವರೆ ತಾಸಿಗೊಮ್ಮಿ ಒಲಿ ಮುಂದಿನವ್ರನ್ನ ಬದಲಿ ಮಾಡೋದು. ಹೊಗಿ ಎಳಿಯೋ ಫ್ಯಾನ್ ಒಲಿ ಎದುರಿನ ಗ್ವಾಡಿಗಿ ಮ್ಯಾಲ ಇರ್ಬೇಕು, ಬೆನ್ನ ಹಿಂದ ಹಾಕಿದ್ರ ಹೊಗಿ ಮಾರಿ ಮ್ಯಾಲೇ ಹಾದು ಹೋಗ್ತದ. ಉಪ್ಪು ಹಾಕಿದ ಮಜ್ಜಿಗಿ ಕೊಡ ಕೈಗಿ ಸಿಗೋ ಹಂಗ ಇರ್ಲಿ. ಇದು ಕೆಲಸದವ್ರಿಗಿ ಮಾಡಿದ್ದೋ, ಗಿರಾಕಿಗಿ ಮಾಡಿದ್ದೋ? ನನಗಂತೂ ಎರಡೂ ಬ್ಯಾರೆ ಕಾಣಂಗಿಲ್ಲ, ಆದ್ರ ಶುರು ಒಲಿ ಕಡಿಯಿಂದಲೇ ಆಗ್ಬೇಕು.

ಸುರಪುರ ಸೀರಿ
ಒಲಿ ಅಕ್ಕಾರು ಹೇಳಿದ್ದು ನೂರಕ್ಕ ನೂರು ಖರೆ.

ಭೀಮಾತೀರ
ದೊಡ್ಡ ದೊಡ್ಡ ಕಂಪನಿಗಳನ್ನ ನೋಡ್ರಿ. ಅಮೆಜಾನ್ ಷೇರುದಾರರಿಗಿ ಬರೆದ 1997ರ ಸಾಲಿನ ಪತ್ರದಾಗೇ ಗಿರಾಕಿ ಮೊದಲು ಅಂತ ಹೇಳೇದ. ಅಲಿಬಾಬಾದ ಜಾಕ್ ಮಾ ಅಂತೂ ಗಿರಾಕಿ ಮೊದಲು, ಕೆಲಸದವ್ರು ಎರಡನೇದು, ಷೇರುದಾರರು ಮೂರನೇದು ಅಂತ ಬಾಯಿಬಿಟ್ಟು ಹೇಳ್ಯಾರ. ಅವ್ರೇನು ತಿಳಿಗೇಡಿಗಳಾ?

ಸೇಡಂ ರಸ್ತೆ
ಎದುರು ಸಾಲೂ ಇದೆ ಸರ್. ಎಚ್‌ಸಿಎಲ್ ಟೆಕ್ನಾಲಜೀಸ್‌ನಲ್ಲಿ ವಿನೀತ್ ನಾಯರ್ 2005ರಿಂದ ತಂದ ನೀತಿಯೇ ನೌಕರರು ಮೊದಲು, ಗ್ರಾಹಕರು ನಂತರ ಎಂಬುದು. ಅಮೆರಿಕದ ಸೌತ್‌ವೆಸ್ಟ್ ಏರ್‌ಲೈನ್ಸ್‌ನ ಹರ್ಬ್ ಕೆಲ್ಲಹರ್ ಕೂಡ ಜೀವನಪೂರ್ತಿ ಇದನ್ನೇ ಹೇಳಿದವರು. 1994ರಲ್ಲಿ ಹಾರ್ವರ್ಡ್‌ನ ಹೆಸ್ಕೆಟ್ ಮತ್ತು ಸಂಗಡಿಗರು ಇದಕ್ಕೊಂದು ಸರಪಳಿಯನ್ನೇ ಬರೆದು ತೋರಿಸಿದರು. ಒಳಗಿನ ವ್ಯವಸ್ಥೆ ಚೆನ್ನಾಗಿದ್ದರೆ ಕೆಲಸದವರಿಗೆ ತೃಪ್ತಿ, ಅವರು ಉಳಿದರೆ ಸೇವೆ ಉತ್ತಮ, ಸೇವೆ ಉತ್ತಮವಾದರೆ ಗ್ರಾಹಕ ಮತ್ತೆ ಬರುತ್ತಾನೆ, ಅಲ್ಲಿಂದ ಲಾಭ.

ಆದರೆ ಈ ಎರಡೂ ಸಾಲುಗಳನ್ನು ಕಪಡಾ ಬಜಾರದ ದುಕಾನಕ್ಕೆ ಹಾಗೇ ತಂದು ಅಂಟಿಸಬೇಡಿ. ಅಮೆಜಾನ್‌ನಲ್ಲಿ ಗಿರಾಕಿ ಕೆಲಸದವರ ಮುಖ ನೋಡುವುದೇ ಇಲ್ಲ. ಸೀರೆ ದುಕಾನದಲ್ಲಿ ಗಿರಾಕಿ ಎರಡು ತಾಸು ಕೆಲಸದವರ ಎದುರೇ ಕೂತಿರುತ್ತಾರೆ. ಮುಖಾಮುಖಿ ಹೆಚ್ಚಾದಷ್ಟೂ ಕೆಲಸದವರ ಮನಸ್ಥಿತಿ ಸರಕಿನ ಭಾಗವೇ ಆಗಿಬಿಡುತ್ತದೆ. ಹಾಗಾಗಿ ವ್ಯಾಪಾರದ ಬಗೆ ನೋಡಿ ತೀರ್ಮಾನ ಮಾಡಬೇಕು.

ಹುಮನಾಬಾದ್ ಹೆದ್ದಾರಿ
ನಡುವ ಒಂದು ಮಾತು. "ಗ್ರಾಹಕ ನಮ್ಮ ಮೇಲೆ ಅವಲಂಬಿತನಲ್ಲ, ನಾವು ಅವನ ಮೇಲೆ" ಅಂತ ಗಾಂಧೀಜಿ ಹೆಸರಿನ ಬೋರ್ಡ್ ಬ್ಯಾಂಕಿನಾಗ, ಹೋಟೆಲಿನಾಗ ತೂಗ್ತದಲ್ಲ, ಅದು ಅವ್ರು ಹೇಳಿದ್ದು ಅನ್ನಲಕ್ಕ ಆಧಾರ ಇಲ್ಲ. ಅವ್ರ ಹೆಸರು ಹಿಡಕೊಂಡು ಕೆಲಸದವ್ರನ್ನ ಅಂಜಿಸೋದು ಬಿಡ್ರಿ.

ಭೀಮಾತೀರ
ಯಾರು ಹೇಳಿದ್ರೇನು, ಮಾತು ಖರೆ ಅದಲ್ಲ?

ಹುಮನಾಬಾದ್ ಹೆದ್ದಾರಿ
ಅರ್ಧ ಖರೆ. ರೊಟ್ಟಿ ಬಡಿಯೋರು ಒಂದು ದಿನ ಬರಲಿಲ್ಲ ಅಂದ್ರ ಹೆದ್ದಾರಿ ಧಾಬಾ ಯಾರ ಮ್ಯಾಲ ಅವಲಂಬಿತ ಅನ್ನೋದು ಒಂದು ತಾಸಿನಾಗ ಗೊತ್ತಾಗ್ತದ.

ಸುರಪುರ ಸೀರಿ
ಎರಡನೇ ಪ್ರಶ್ನಿಗಿ ಬರೋಣ, ಜಗಳದ್ದು. ಸೀರಿ ದುಕಾನದಾಗ ಜಗಳ ಬಹಳ ಮಾಡಿ ಮೂರೇ ಕಾರಣಕ್ಕ ಆಗ್ತಾವ. ಮಾಲು ಕೆಟ್ಟದು ಬಂತು, ಹೇಳಿದ ರೇಟು ಬ್ಯಾರೆ ಬಿಲ್ಲಿನ ರೇಟು ಬ್ಯಾರೆ, ಇಲ್ಲಾ ತೋರಿಸೋರು ಮಾರಿ ಗಂಟು ಹಾಕಿದ್ರು. ಮೊದಲಿನ ಎರಡೂ ಮಾಲಕನ ತಪ್ಪು, ಕೆಲಸದವ್ರದಲ್ಲ. ಚೀಟಿ ಹಚ್ಚದೇ ಬಾಯಿಲೆ ರೇಟು ಹೇಳ್ರಿ ಅಂದವರು ಯಾರು? ಮೂರನೇದು ಮಾತ್ರ ಕೆಲಸದವ್ರದು. ಅದೂ 30 ಸೀರಿ ಬಿಚ್ಚಿದ ಮ್ಯಾಲ ಬರ್ತದ, ಮೊದಲನೇ ಸೀರಿಗಿ ಬರಂಗಿಲ್ಲ.

ಜಗಳ ಶುರು ಆದಾಗ ಮಾಲಕ ಗಲ್ಲಾ ಬಿಟ್ಟು ಎದ್ದು ಬರ್ಬೇಕು. ಗಿರಾಕಿಗಿ ಬದಿಗಿ ಕರದು ಕುರ್ಚಿ ಹಾಕಿ ನೀರು ಕೊಡಬೇಕು. ಗಾದಿ ಮುಂದ ಉಳಿದ ಗಿರಾಕಿಗಳ ಎದುರು ಮಾತು ಬೆಳೀಬಾರದು. ಬಿಲ್ ಕೇಳ್ರಿ, ಮಾಲು ಬೆಳಕಿಗಿ ಹಿಡದು ನೋಡ್ರಿ. ಕೆಲಸದವ್ರಿಗಿ ಗಿರಾಕಿ ಎದುರು ಒಂದು ಶಬ್ದನೂ ಬೈಬ್ಯಾಡ್ರಿ, ಅವ್ರದೇ ತಪ್ಪಿದ್ರೂ. ಅದನ್ನ ಅಂಗಡಿ ಮುಚ್ಚಿದ ಮ್ಯಾಲ ಒಳಗ ಕರದು ಕೇಳ್ರಿ. ಗಿರಾಕಿ ಎದುರು ಬೈದ್ರ ಗಿರಾಕಿಗಿ ಆ ಗಳಿಗಿ ಸಮಾಧಾನ ಆಗ್ತದ, ಆದ್ರ ಆ ಹೆಣ್ಣುಮಗಳು ಸಂಜಿತನ ಯಾರಿಗೂ ಎರಡನೇ ಸೀರಿ ಬಿಚ್ಚಂಗಿಲ್ಲ.

ಹೊಲಸು ಶಬ್ದ, ಜಾತಿ ಎತ್ತೋದು, ಕೈ ಮುಟ್ಟೋದು, ಇದ್ರಾಗ ಮಾತ್ರ ಎರಡನೇ ವಿಚಾರ ಇಲ್ಲ. "ನಿಮ್ಮ ವ್ಯಾಪಾರ ಬ್ಯಾಡ್ರಿ" ಅಂತ ಕೈ ಮುಗದು ಹೊರಗ ಕಳಸಬೇಕು. ಅದೆಷ್ಟೇ ದೊಡ್ಡ ಬಸ್ತಾ ಇರ್ಲಿ.

ಭೀಮಾತೀರ
ಕಡೀ ಮಾತಿಗಿ ನಂದೂ ಒಪ್ಪಿಗಿ. ಅದು ಗಿರಾಕಿ ಅಲ್ಲ, ಗೂಂಡಾ.

ಕಪಡಾ ಬಜಾರ
ಸುರಪುರದವ್ರೇ, 30 ಸೀರಿ ಬಿಚ್ಚೋದು ತಪ್ಪಿಸೋದು ಹ್ಯಾಂಗ? ಅದೇ ದೊಡ್ಡ ದಣಿವು.

ಸುರಪುರ ಸೀರಿ
ಬಿಚ್ಚೋ ಮೊದಲು ಮೂರು ಮಾತು ಕೇಳ್ಬೇಕು. ಯಾರಿಗಿ, ಎಷ್ಟರೊಳಗ, ಎಷ್ಟು ನಗ. ಮದುಮಗಳ ಸೀರಿಗಿ ಹೊತ್ತು ಕೊಡ್ರಿ, ಅದಕ್ಕ ಅವಸರ ಮಾಡಬಾರದು. ಹೊತ್ತು ಹಾಳಾಗೋದು ಆಯೇರಿ (ಮದುವ್ಯಾಗ ಉಡುಗೊರಿ ಕೊಡೋ) ಸೀರಿಯೊಳಗ. 40 ಆಯೇರಿ ಸೀರಿ ಬೇಕಾದವ್ರು ಒಂದೊಂದೇ ಬಿಚ್ಚಿಸಿ ನೋಡ್ತಾರ. ಮಧ್ಯಾಹ್ನ ಖಾಲಿ ಇರೋ ಹೊತ್ತಿನಾಗ 300, 500, 800ರ ಕಟ್ಟು ಕಟ್ಟಿ ಇಡ್ರಿ, ಪ್ರತಿ ಕಟ್ಟಿನಾಗ 10 ಬಣ್ಣ, ಮ್ಯಾಲ ಒಂದು ಮಾದರಿ ಬಿಚ್ಚಿಟ್ಟಿದ್ದು. ಮಾದರಿ ನೋಡಿ ಕಟ್ಟೇ ಎತ್ತತಾರ. ಮತ್ತ ತೋರಿಸೋರು ಬ್ಯಾರೆ, ಮಡಚೋರು ಬ್ಯಾರೆ ಇರ್ಬೇಕು. ಒಬ್ಬಾಕೇ ಎರಡೂ ಮಾಡಿದ್ರ ರಾತ್ರಿ ಗಿರಾಕಿ ಹೋದ ಮ್ಯಾಲ ಒಂದು ತಾಸು ಮಡಚೋದೇ ಆಗ್ತದ. ಬಸ್ ತಪ್ಪೋದೇ ಆ ತಾಸಿನಾಗ.

ದೊಡ್ಡ ಬಸ್ತಾದವ್ರಿಗಿ ಫೋನ್ ಮಾಡಿ ಮುಂಜಾನಿ 11ಕ್ಕ ಬರ್ರಿ, ನಿಮಗಂತ ಇಬ್ಬರನ್ನ ಇಡ್ತೀವಿ ಅಂತ ಹೇಳ್ರಿ. ಎರಡು ದೊಡ್ಡ ಬಸ್ತಾ ಮುಂಜಾನಿಗಿ ಸರದ್ರ ಸಂಜಿ ಗದ್ದಲ ತಾನೇ ಇಳೀತದ. 6:30ಕ್ಕ ಅರ್ಧ ಮಂದಿ ಹೋದ್ರೂ ನಡೀತದ.

ಲೆಕ್ಕದ ಪುಸ್ತಕ
ವಾಪಸಿನ ಬಗ್ಗೆ ಸೇರಿಸುತ್ತೇನೆ. "ಮಾರಿದ ಮಾಲು ವಾಪಸ್ ಇಲ್ಲ" ಎಂದು ಬಿಲ್ಲಿನ ಮೇಲೆ ಅಚ್ಚು ಹಾಕಿಸಿದರೆ ಕಾನೂನಿನಿಂದ ಪಾರಾಗುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ಪಡೆಯದಿರುವುದು ಅನುಚಿತ ವ್ಯಾಪಾರ. ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಗ್ರಾಹಕರು 1915ಕ್ಕೆ ಫೋನ್ ಮಾಡಬಹುದು. ದೋಷವಿಲ್ಲದ, ಬರೀ ಬಣ್ಣ ಮನಸ್ಸಿಗೆ ಬರದ ಸೀರೆಗೆ ಮಾತ್ರ ದುಕಾನದವರೇ ನಿಯಮ ಮಾಡಿಕೊಳ್ಳಬಹುದು. ಈ ಎರಡರ ವ್ಯತ್ಯಾಸವನ್ನು ಕೆಲಸದವರಿಗೆ ಹೇಳಿಕೊಟ್ಟು, ಇಷ್ಟು ರೂಪಾಯಿ ತನಕ ನೀವೇ ಬದಲಿಸಿ ಕೊಡಿ ಎಂದು ಅಧಿಕಾರವನ್ನೂ ಕೊಡಿ. "ಮಾಲಕರು ಬರಲಿ" ಎಂದು ಗಿರಾಕಿಯನ್ನು ಅರ್ಧ ತಾಸು ಕೂರಿಸಿದಾಗಲೇ ಜಗಳ ಹುಟ್ಟುವುದು.

ಬೀದರ ಚೌಬಾರಾ
ಕೈಕೆಲಸದ ಕಡೆಯಿಂದ ಹೇಳುವುದಿದೆ. ಬಿದರಿ ಕೆಲಸದಲ್ಲಿ ಗಿರಾಕಿಯ ಅವಸರಕ್ಕೆ ಬಗ್ಗಿದರೆ ಗಿರಾಕಿಗೇ ಮೋಸ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಅರ ಹಾಕಿ ನಯ ಮಾಡಿ, ಮೈಲುತುತ್ತದ ನೀರಿನಿಂದ ಮೇಲ್ಮೈ ತಾತ್ಕಾಲಿಕ ಕಪ್ಪು ಮಾಡುತ್ತಾರೆ, ಗೀರಿದ ಗೆರೆ ಎದ್ದು ಕಾಣಲಿ ಎಂದು. ಆಮೇಲೆ ಉಳಿಯಿಂದ ಗೀರಿ ಬೆಳ್ಳಿ ತಂತಿ ಕೂರಿಸಿ ಬಡಿಯುವುದು. ಗೀರು ಆಳವಿಲ್ಲದಿದ್ದರೆ, ಒಳಗೆ ಅಂಚು ಹಿಡಿಯುವಂತೆ ಕೊರೆಯದಿದ್ದರೆ, ತಂತಿ ಆ ದಿನ ಕೂರುತ್ತದೆ, ಕೆಲವು ತಿಂಗಳಲ್ಲಿ ಏಳುತ್ತದೆ. ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಸಾಮಾನಿಗೆ ಹಚ್ಚಿದಾಗ ಸತುವು ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ.

ಇದರಲ್ಲಿ ವೇಗ ಮಾಡಬಹುದಾದ ಹಂತ ಒಂದೂ ಇಲ್ಲ. ಸನ್ಮಾನಕ್ಕೆ 50 ನೆನಪಿನ ಕಾಣಿಕೆ ವಾರದೊಳಗೆ ಬೇಕು ಎಂದು ಬರುವವರಿಗೆ ಆಗುವುದಿಲ್ಲ ಎನ್ನುವ ಧೈರ್ಯ ಮಾಲಕನಿಗಿರಬೇಕು. ಅವನು ಹೂಂ ಅಂದ ಕ್ಷಣ ಹೊರೆ ಬೀಳುವುದು ಉಳಿ ಹಿಡಿದವರ ಕಣ್ಣು ಮತ್ತು ಬೆರಳಿನ ಮೇಲೆ. 2006ರಲ್ಲಿ ಬಿದರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದು ಆ ಕೈಗಳಿಂದ. ಅಂಥ ಕೈ ಬಿಟ್ಟು ಹೋದರೆ ಇನ್ನೊಬ್ಬರನ್ನು ತಯಾರು ಮಾಡಲು ವರ್ಷಗಳೇ ಬೇಕು.

ಶಹಾಪುರ ಕಿರಾಣಿ
ಭಾಳ ಛಲೋ ಬರದೀರಿ. ಇದಕ್ಕ ಒಂದು ಬ್ಯಾರೆ ಚರ್ಚಾನೇ ಶುರು ಮಾಡ್ರಿ.

ಗಂಜ್ ಅಡತಿ
ಕಮಿಷನ್ ಬಗ್ಗೆ ಯಾರೂ ಮಾತೇ ತಗೀಲಿಲ್ಲ. ಪಗಾರ ಬ್ಯಾಡ, ಮಾರಿದಷ್ಟು ಕಮಿಷನ್ ಕೊಡ್ತೀವಿ ಅನ್ನೋ ಮಾಲಕರು ಬಹಳ ಅದಾರ.

ಸುರಪುರ ಸೀರಿ
ಒಬ್ಬೊಬ್ಬರಿಗಿ ಕಮಿಷನ್ ಇಟ್ರ ಗಿರಾಕಿ ಬಾಗಿಲಾಗ ಕಾಲಿಡೋದ್ರಾಗ ಮೂವರು ಜಗ್ಗತಾರ. ಸಣ್ಣ ಗಿರಾಕಿ, ಒಂದು ರವಿಕೆ ಪೀಸಿಗಿ ಬಂದ ಮುದುಕಿಗಿ ಯಾರೂ ಮಾತಾಡ್ಸಂಗಿಲ್ಲ. ಮಡಚೋರಿಗಿ ಏನೂ ಸಿಗಂಗಿಲ್ಲ. ಇಡೋದಾದ್ರ ಕೌಂಟರಿಗಿ ಒಟ್ಟು ಇಡ್ರಿ, ತೋರಿಸೋರು ಮಡಚೋರು ಸಮ ಹಂಚಿಕೊಳ್ಳಲಿ, ವಾಪಸ್ ಬಂದಿದ್ದು ಕಳೀರಿ. ಹಳೇ ಮಾಲಿಗಿ ಬ್ಯಾರೆ, ನಗಕ್ಕ ಇಷ್ಟು ಅಂತ ಇಡಬಹುದು. ಆದ್ರ ಅದು ಹೆಚ್ಚಾದ್ರ ಗಿರಾಕಿಗಿ ಬ್ಯಾಡಾದ್ದು ಕಟ್ಟಿ ಕಳಸ್ತಾರ, ನೆನಪಿರ್ಲಿ.

ಲೆಕ್ಕದ ಪುಸ್ತಕ
ಕಮಿಷನ್ ಇಟ್ಟರೂ ಕನಿಷ್ಠ ವೇತನ ತಪ್ಪುವುದಿಲ್ಲ.

ಶಹಾಪುರ ಕಿರಾಣಿ
ಗಲ್ಲಾದಾಗ ರೊಕ್ಕ ಕಡಿಮಿ ಬಂದ್ರ ಪಗಾರದಾಗ ಹಿಡಿಯೋದು ಎಲ್ಲಾ ಕಡಿ ನಡೀತದ. ಅದು ಸರಿನಾ?

ಲೆಕ್ಕದ ಪುಸ್ತಕ
ಸುಮ್ಮನೆ ಹಿಡಿಯುವ ಹಾಗಿಲ್ಲ. 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ನಷ್ಟ ಆ ವ್ಯಕ್ತಿಯ ನಿರ್ಲಕ್ಷ್ಯದಿಂದಲೇ ನೇರವಾಗಿ ಆದದ್ದಾಗಿರಬೇಕು, ಹಿಡಿಯುವ ಮೊದಲು ಅವರ ಮಾತು ಕೇಳಬೇಕು, ಎಲ್ಲ ಕಡಿತ ಸೇರಿ ಪಗಾರದ ಅರ್ಧ ದಾಟಬಾರದು. ತಿಂಗಳ ಪಗಾರ ಮುಂದಿನ ತಿಂಗಳ 7ರೊಳಗೆ ಕೈ ಸೇರಬೇಕು. ಕೆಲಸ ಬಿಟ್ಟವರ ಬಾಕಿಗೆ ಎರಡು ಕೆಲಸದ ದಿನ ಗಡುವು.

ಅದಕ್ಕಿಂತ ಮುಖ್ಯ, ಗಲ್ಲಾ ಕಡಿಮೆ ಬರುವುದು ಸಾಮಾನ್ಯವಾಗಿ ಕಳವಿನಿಂದಲ್ಲ, ಪದ್ಧತಿ ಇಲ್ಲದ್ದರಿಂದ. ಒಂದೇ ಗಲ್ಲಾಕ್ಕೆ ನಾಲ್ಕು ಕೈ ಹೋಗುತ್ತದೆ. ಮಾಲಕನೇ ನಡುವೆ ಬಂದು 2,000 ತೆಗೆದು ಬರೆಯದೆ ಹೋಗುತ್ತಾನೆ. ಯುಪಿಐ ಹಣ ಬಂತೆಂದು ಗಿರಾಕಿಯ ಫೋನಿನ ಚಿತ್ರ ನೋಡಿ ಬಿಡುತ್ತಾರೆ, ಸೌಂಡ್ ಬಾಕ್ಸ್ ಕೂಗುವ ತನಕ ಕಾಯುವುದಿಲ್ಲ. ಬೆಳಗ್ಗೆ ಇಟ್ಟ ಚಿಲ್ಲರೆ ಎಷ್ಟೆಂದು ಬರೆದು ಸಹಿ ಮಾಡಿ, ತಂಡ ಬದಲಾಗುವಾಗ ಇಬ್ಬರೂ ಕೂತು ಎಣಿಸಿ ಸಹಿ ಮಾಡಿ, ತೆಗೆದದ್ದಕ್ಕೆಲ್ಲ ಚೀಟಿ ಹಾಕಿ. ಕಡಿಮೆ ಬರುವುದು ಬಹುಪಾಲು ನಿಲ್ಲುತ್ತದೆ.

ಹುಮನಾಬಾದ್ ಹೆದ್ದಾರಿ
ಹೋಟೆಲಿನಾಗ ಟಿಪ್ಸ್ ಯಾರದು? ಈಗ ಎಲ್ಲಾ ಫೋನಿನಿಂದ, ಬಿಲ್ಲಿನ ಮ್ಯಾಲ 20 ರೂಪಾಯಿ ಹೆಚ್ಚು ಹಾಕಿದ್ರ ಮಾಲಕನ ಖಾತೆಗಿ ಹೋಗ್ತದ.

ಒಲಿ ಮುಂದ
ಟಿಪ್ಸ್ ಬಡಸೋರದು, ಒಲಿ ಮುಂದಿನವ್ರದು, ಗಂಗಾಳ ತಿಕ್ಕೋರದು. ಬ್ಯಾರೆ ಕ್ಯೂಆರ್ ಚೀಟಿ ಹಚ್ಚಿ ವಾರಕ್ಕೊಮ್ಮಿ ಎಲ್ಲರ ಎದುರು ಹಂಚಬೇಕು. ತಿಕ್ಕೋರನ್ನ ಬಿಟ್ರ ಅನ್ಯಾಯ.

ಸೇಡಂ ರಸ್ತೆ
ಆದರೆ ಬಿಲ್ಲಿನಲ್ಲಿ ಸೇವಾ ಶುಲ್ಕ ಎಂದು ತಾನಾಗಿ ಸೇರಿಸುವ ಹಾಗಿಲ್ಲ. 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೊಡುವುದು ಗಿರಾಕಿಯ ಇಷ್ಟ.

ಬೀದರ ಚೌಬಾರಾ
ಮನೆಮನೆಗೆ ಊಟ ಮುಟ್ಟಿಸುವ ಹುಡುಗರನ್ನೂ ನೆನೆಯಿರಿ. ಮೇ ತಿಂಗಳ ಮಧ್ಯಾಹ್ನ ಎರಡಕ್ಕೆ ಬೈಕ್ ಮೇಲೆ ಬಂದವರಿಗೆ ಗೇಟಿನಲ್ಲಿ ಒಂದು ತಂಬಿಗೆ ನೀರು ಕೊಡುವುದಕ್ಕೆ ಯಾವ ನೀತಿಯೂ ಬೇಡ. 2025ರಲ್ಲಿ ರಾಜ್ಯದಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ಬಂದಿದೆ, ಕಂಪನಿಗಳಿಂದ 1ರಿಂದ 5% ಕಲ್ಯಾಣ ಶುಲ್ಕ ಪಡೆಯಲು ಅದರಲ್ಲಿ ಅವಕಾಶವಿದೆ.

ಭೀಮಾತೀರ
ವಿಷಯ ಎಲ್ಲಿಗೋ ಹೊಂಟದ. ನನ್ನ ಮಾತು ಇಷ್ಟೇ. ಕೆಲಸದವ್ರಿಗಿ ಛಲೋ ನೋಡ್ಕೊಳ್ರಿ, ಯಾರು ಬ್ಯಾಡಂತಾರ. ಆದ್ರ ರಾತ್ರಿ 9ಕ್ಕ ಬಂದ ಗಿರಾಕಿಗಿ ಶಟರ್ ಅರ್ಧ ಇಳಿಸಿ ತೋರಿಸಬ್ಯಾಡ್ರಿ. ಅದು ಮನಸಿಗಿ ಹತ್ತತದ.

ಗಂಜ್ ಅಡತಿ
ಅದಕ್ಕ ಬಾಗಿಲ ಮ್ಯಾಲ ದೊಡ್ಡ ಅಕ್ಷರದಾಗ ವ್ಯಾಳ್ಯಾ ಬರೀಬೇಕು, "8:30ರ ಮ್ಯಾಲ ಹೊಸ ಬಸ್ತಾ ಶುರು ಮಾಡಂಗಿಲ್ಲ" ಅಂತ ಸುದ್ದಾ. ಗೊತ್ತಿದ್ರ ಮಂದಿ ಮೊದಲೇ ಬರ್ತಾರ. ಗೊತ್ತಿಲ್ಲದಾಗಲೇ ಮನಸಿಗಿ ಹತ್ತೋದು.

ಕಪಡಾ ಬಜಾರ
ಎರಡು ತಂಡ, ಆಯೇರಿ ಕಟ್ಟು, ಮುಂಜಾನಿ ಬಸ್ತಾ, ಬಾಗಿಲ ಮ್ಯಾಲ ವ್ಯಾಳ್ಯಾ ಇಷ್ಟು ಬರಕೊಂಡೀನಿ. 5% ಬ್ಯಾನರ್ ಬಿಟ್ಟೆ, ಪಗಾರ ಏರಿಸೋದು. ಇನ್ನೊಂದೇ ಕೇಳೋದು. 12 ಮಂದಿ ಇದ್ರ ಇಎಸ್‌ಐ (ನೌಕರರ ಸರ್ಕಾರಿ ವಿಮೆ) ಮಾಡಿಸಲೇಬೇಕೇನು? ಕೆಲಸದವ್ರು ನಮ್ಮ ಪಗಾರದಾಗ ಕಡಿತ ಬ್ಯಾಡ ಅಂತಾರ.

ಲೆಕ್ಕದ ಪುಸ್ತಕ
10 ಅಥವಾ ಹೆಚ್ಚು ಮಂದಿ ಇದ್ದರೆ ಕಡ್ಡಾಯ, 21,000ದ ತನಕ ಪಗಾರ ಇರುವವರಿಗೆ. ಅವರ ಪಾಲು 0.75%, ಮಾಲಕರ ಪಾಲು 3.25%. 16,000ಕ್ಕೆ ಅವರಿಂದ ಹೋಗುವುದು 120 ರೂ., ನಿಮ್ಮದು 520. ಪ್ರತಿ ತಿಂಗಳ ಹಣವನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು.

120 ರೂಪಾಯಿಗೆ ಏನು ಸಿಗುತ್ತದೆಂದು ಅವರನ್ನು ಕೂರಿಸಿಕೊಂಡು ಹೇಳಿ. ಅವರಿಗೂ ಮನೆಯವರಿಗೂ ಚಿಕಿತ್ಸೆ, ಕಾಯಿಲೆ ಬಿದ್ದು ರಜೆ ಹಾಕಿದರೆ ವರ್ಷಕ್ಕೆ 91 ದಿನದ ತನಕ ಪಗಾರದ 70%, ಹೆರಿಗೆಗೆ 26 ವಾರ. ಕಾಯಿಲೆ, ಹೆರಿಗೆಯ ಹಣಕ್ಕೆ ಇಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ಷರತ್ತಿದೆ, ಅದಕ್ಕೇ ತಡ ಮಾಡದೆ ಸೇರಿಸಬೇಕು. ಆಸ್ಪತ್ರೆ ನಿಮ್ಮ ಊರಿನಲ್ಲೇ ಸೇಡಂ ರಸ್ತೆಯಲ್ಲಿದೆ, ವೈದ್ಯಕೀಯ ಕಾಲೇಜು ಸಹಿತ. ಆಧಾರ್, ಬ್ಯಾಂಕ್ ಪುಸ್ತಕ, ಮನೆಯವರ ಫೋಟೊ ಒಂದೇ ಸಲ ತರಲು ಹೇಳಿ. ಹೆಸರಿನ ಅಕ್ಷರ ಆಧಾರ್‌ನಲ್ಲೂ ಬ್ಯಾಂಕಿನಲ್ಲೂ ಬೇರೆ ಬೇರೆ ಇದ್ದರೆ ಮೊದಲು ಅದನ್ನು ಸರಿ ಮಾಡಿಸಿ, ಇಲ್ಲದಿದ್ದರೆ ಹಣ ಬರುವ ಹೊತ್ತಿಗೆ ತೊಂದರೆ.

ಒಲಿ ಮುಂದ
ಹೆಣ್ಮಕ್ಕಳ ಮದುವಿ ಆಗಿ ಹೆಸರು ಬದಲಾದ್ರ ಅದನ್ನೂ ನೋಡ್ಕೊಳ್ರಿ ಅಣ್ಣಾರ. ಆಧಾರ್‌ದಾಗ ತಂದಿ ಹೆಸರು, ಬ್ಯಾಂಕಿನಾಗ ಗಂಡನ ಹೆಸರು ಇರೋರು ಭಾಳ ಮಂದಿ ಅದಾರ. ಒಂದು ದಿನ ಪಗಾರ ಸಹಿತ ರಜಾ ಕೊಟ್ಟು ಸರಿ ಮಾಡಿಸಿಕೊಂಡು ಬರ್ರಿ ಅನ್ರಿ. ಸೀಜನ್ ಶುರು ಆಗೋಕ್ಕಿಂತ ಮೊದಲೇ.